ಒಪ್ಪೋಲೆ

ಹಳೆಯ ಕನ್ನಡ ಪುಸ್ತಕಗಳಲ್ಲಿ ‘ಒಪ್ಪೋಲೆ’ ಎಂಬ ಒಂದು ಪುಟವಿರುತ್ತಿತ್ತು. ಒಂದು ಕಡೆ ತಪ್ಪು, ಇನ್ನೊಂದು ಕಡೆ ಒಪ್ಪು. ಇಂಥ ಪುಟದ ಇಂಥ ಸಾಲಿನಲ್ಲಿ ಹೀಗೆ ಅಚ್ಚಾಗಿದೆ, ದಯವಿಟ್ಟು ಹೀಗೆ ಓದಿಕೊಳ್ಳಿ ಎಂದು. ಕಾದಂಬರಿಯಲ್ಲಿ ಒಂದು ಅಕ್ಷರ ಆಚೀಚೆಯಾದರೆ ಯಾರ ಜೀವವೂ ಹೋಗುವುದಿಲ್ಲ. ಆದರೂ ಓದುಗರಿಗೆ ತಿಳಿಸಬೇಕೆಂಬ ಸೌಜನ್ಯ ಅಚ್ಚು ಹಾಕಿದವರಿಗಿತ್ತು. ಹಾಗಾದರೆ ವೈದ್ಯರು ಓದಿ, ನಂಬಿ, ಅದರಂತೆ ಮದ್ದು ಕೊಡುವ ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ? ಅದರ ಸಂಪಾದಕರ ಧರ್ಮವೇನು? ಬಿ.ಎ., ಬಿ.ಇಡ್. ಮಾಡಿಕೊಂಡು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ನನಗೇಕೆ ಈ ಉಸಾಬರಿ ಎಂದು ನೀವು ಕೇಳಬಹುದು. ಕಾರಣವಿದೆ.

2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ದಡಾರ–ರುಬೆಲ್ಲಾ ಲಸಿಕೆಯ ಅಭಿಯಾನ ನಡೆಯಿತು. 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆಲ್ಲ ಲಸಿಕೆ. ನಮ್ಮ ಶಾಲೆಗೆ ಆರೋಗ್ಯ ಇಲಾಖೆಯವರು ಬರುವ ಹಿಂದಿನ ದಿನ ಎಂಟನೆಯ ತರಗತಿಯ ಹುಡುಗಿಯೊಬ್ಬಳ ತಾಯಿ ಬಂದರು. “ಮಿಸ್, ನಮ್ಮ ಹುಡುಗಿಗೆ ಸೂಜಿ ಬೇಡ. ಅದರಿಂದ ಮಕ್ಕಳ ಬುದ್ಧಿಗೇ ತೊಂದರೆಯಂತೆ. ಫಾರಿನ್ ಡಾಕ್ಟರೇ ಬರೆದಿದ್ದಾರಂತೆ” ಎಂದರು. ಫೋನಿನಲ್ಲಿ ಯಾರೋ ಕಳಿಸಿದ್ದಂತೆ. ಆಕೆ ದಡ್ಡಿಯಲ್ಲ, ಹಟಮಾರಿಯೂ ಅಲ್ಲ. ಮಗಳ ಮೇಲಿನ ಅಕ್ಕರೆಯೇ ಆ ಮಾತನ್ನು ಆಡಿಸಿತ್ತು. ಮರುದಿನ ಲಸಿಕೆ ಹಾಕಲು ಬಂದ ಸಿಸ್ಟರು ಸಮಾಧಾನವಾಗಿ ವಿವರಿಸಿದ ಮೇಲೆ ಒಪ್ಪಿದರು. ಆದರೆ ಆ ‘ಫಾರಿನ್ ಡಾಕ್ಟರು’ ನನ್ನ ತಲೆಯಿಂದ ಹೋಗಲಿಲ್ಲ. ಹುಡುಕಿ ಓದಿದಾಗ ತಿಳಿದದ್ದು ಇಷ್ಟು.

ಲಂಡನ್ನಿನ ‘ದಿ ಲ್ಯಾನ್ಸೆಟ್’ 1823ರಲ್ಲಿ ಆರಂಭವಾದ, ಜಗತ್ತಿನ ವೈದ್ಯರೆಲ್ಲ ಮನ್ನಿಸುವ ಪತ್ರಿಕೆ. 1998ರ ಫೆಬ್ರವರಿಯಲ್ಲಿ ಅದು ಆಂಡ್ರೂ ವೇಕ್‌ಫೀಲ್ಡ್ ಮತ್ತು ಅವರ ಜೊತೆಯ 12 ಮಂದಿ ಬರೆದ ಒಂದು ಲೇಖನವನ್ನು ಪ್ರಕಟಿಸಿತು. ನೋಡಿದ್ದು ಬರೀ 12 ಮಕ್ಕಳನ್ನು. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಒಟ್ಟಿಗೆ ಕೊಡುವ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಅನುಮಾನವನ್ನು ಅದು ಹುಟ್ಟಿಸಿತು. ನಂಟು ಸಾಬೀತಾಗಿದೆಯೆಂದು ಲೇಖನವೇನೂ ಹೇಳಲಿಲ್ಲ. ಆದರೆ ಮೂರೂ ಸೇರಿದ ಲಸಿಕೆ ಬೇಡ, ಬೇರೆಬೇರೆಯಾಗಿ ಕೊಡಿ ಎಂದು ವೇಕ್‌ಫೀಲ್ಡ್ ಪತ್ರಿಕಾಗೋಷ್ಠಿಯಲ್ಲಿ ಹೇಳಿದರು. ತಾಯಂದಿರು ಹೆದರಿದರು. ಇಂಗ್ಲೆಂಡಿನಲ್ಲಿ ಲಸಿಕೆ ಪಡೆಯುವ ಪುಟ್ಟ ಮಕ್ಕಳ ಪ್ರಮಾಣ ನೂರಕ್ಕೆ 92ರಷ್ಟಿದ್ದದ್ದು 2003–04ರ ಹೊತ್ತಿಗೆ 80ಕ್ಕೆ ಇಳಿಯಿತು. ದಡಾರ ಮತ್ತೆ ತಲೆಯೆತ್ತಿತು. ಈ ನಡುವೆ 2002ರಲ್ಲಿ ಡೆನ್ಮಾರ್ಕಿನಲ್ಲಿ ಐದು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದಾಗ ಅಂಥ ನಂಟು ಕಾಣಲೇ ಇಲ್ಲ.

2004ರಲ್ಲಿ ಬ್ರಯನ್ ಡೀರ್ ಎಂಬ ಪತ್ರಕರ್ತರು ಇನ್ನೊಂದು ಸಂಗತಿಯನ್ನು ಹೊರಗೆಳೆದರು. ಲಸಿಕೆ ತಯಾರಕರ ಮೇಲೆ ದಾವೆ ಹೂಡಲು ಸಿದ್ಧವಾಗುತ್ತಿದ್ದ ವಕೀಲರ ಮೂಲಕ ವೇಕ್‌ಫೀಲ್ಡರಿಗೆ ಹಣ ಸಂದಿತ್ತು. ಅದನ್ನು ಅವರು ಪತ್ರಿಕೆಗೆ ತಿಳಿಸಿರಲಿಲ್ಲ.

ನನ್ನ ಮಗಳು ಎಸ್ಸೆಸ್ಸೆಲ್ಸಿಗೆ ಕೂತ ವರ್ಷ ನಾನು ಮೌಲ್ಯಮಾಪನಕ್ಕೆ ಹೋಗಲಿಲ್ಲ. ನನ್ನ ಮೇಲೆ ಯಾರಿಗೂ ಸಂಶಯವಿರಲಿಲ್ಲ. ಸಂಶಯಕ್ಕೆ ಎಡೆಯೇ ಇರಬಾರದು, ಅಷ್ಟೇ. ವೈದ್ಯಕೀಯ ಪತ್ರಿಕೆಗಳಿಗೂ ಈ ವಿವೇಕ ಹೊಸದೇನಲ್ಲ. ಅಮೆರಿಕದ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ 1984ರಲ್ಲೇ ಲೇಖಕರು ತಮ್ಮ ಹಣಕಾಸಿನ ಹಿತಾಸಕ್ತಿಯನ್ನು ತಿಳಿಸಬೇಕೆಂದು ನಿಯಮ ಮಾಡಿತ್ತು.

ಸಂಗತಿ ಹೊರಬಿದ್ದ ವರ್ಷವೇ 13 ಲೇಖಕರಲ್ಲಿ 10 ಮಂದಿ, ಲಸಿಕೆಯ ಬಗ್ಗೆ ಮಾಡಿದ್ದ ವ್ಯಾಖ್ಯಾನವನ್ನು ಹಿಂದಕ್ಕೆ ಪಡೆದರು. ಮೊದಲೇ ಗೊತ್ತಿದ್ದರೆ ಆ ಭಾಗವನ್ನು ಪ್ರಕಟಿಸುತ್ತಿರಲಿಲ್ಲವೆಂದು ಸಂಪಾದಕ ರಿಚರ್ಡ್ ಹಾರ್ಟನ್ ಹೇಳಿದರು. ಆದರೆ ಲೇಖನ ಪೂರ್ತಿ ರದ್ದಾದದ್ದು 2010ರ ಫೆಬ್ರವರಿ 2ರಂದು, ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ ವೇಕ್‌ಫೀಲ್ಡರ ನಡತೆ ಅಪ್ರಾಮಾಣಿಕವೆಂದು ಹೇಳಿದ ಮೇಲೆ. 12 ವರ್ಷ! 1998ರಲ್ಲಿ ಹುಟ್ಟಿದ ಕೂಸು ಅಷ್ಟು ಹೊತ್ತಿಗೆ ಏಳನೆಯ ಕ್ಲಾಸಿಗೆ ಬಂದಿರುತ್ತದೆ.

ಸಂಪಾದಕರನ್ನು ಬಯ್ಯುವುದು ಸುಲಭ. ಅವರ ಕಷ್ಟವೂ ಇದೆಯಲ್ಲ? ಆಪಾದನೆ ಬಂದ ಕೂಡಲೇ ಒಬ್ಬ ವೈದ್ಯನ ಹೆಸರಿಗೆ ಮಸಿ ಬಳಿಯುವುದು ನ್ಯಾಯವೆ? ವಿಚಾರಣೆ ಮುಗಿಯಲಿ ಎಂದು ಕಾಯುವುದೂ ಧರ್ಮವೇ. ಆದರೆ ಕಾಯುತ್ತ ಕೂತಾಗ ನಷ್ಟ ಯಾರಿಗೆ? ಲೇಖಕನಿಗೆ ಮುಖವಿದೆ, ವಕೀಲರಿದ್ದಾರೆ, ಸಂಪಾದಕರಿಗೆ ಫೋನು ಮಾಡಿ ಮಾತಾಡಬಲ್ಲ. ಸೊಂಟದಲ್ಲಿ ಕೂಸನ್ನು ಎತ್ತಿಕೊಂಡು ಲಸಿಕೆ ಹಾಕಿಸಲೋ ಬೇಡವೋ ಎಂದು ತಳಮಳಿಸುವ ತಾಯಿ ಆ ಕಚೇರಿಯಲ್ಲಿ ಯಾರಿಗೂ ಕಾಣುವುದಿಲ್ಲ. ಕಾಣದವಳ ಪಕ್ಷ ವಹಿಸುವವರು ಸಂಪಾದಕರಲ್ಲದೆ ಇನ್ನು ಯಾರು?

ಈ ಇಕ್ಕಟ್ಟಿಗೆ ಸಂಪಾದಕರೇ ದಾರಿ ಹುಡುಕಿಕೊಂಡಿದ್ದಾರೆ. 1997ರಲ್ಲಿ ಬ್ರಿಟನ್ನಿನ ಕೆಲವು ವೈದ್ಯಕೀಯ ಸಂಪಾದಕರು ಸೇರಿ ‘ಕಮಿಟಿ ಆನ್ ಪಬ್ಲಿಕೇಷನ್ ಎಥಿಕ್ಸ್’ ಎಂಬ ಸಮಿತಿ ಕಟ್ಟಿದರು. ಲೇಖನ ರದ್ದು ಮಾಡುವ ಬಗ್ಗೆ ಅದು 2009ರಲ್ಲಿ ಮಾರ್ಗಸೂಚಿ ಹೊರಡಿಸಿತು. ಗಟ್ಟಿಯಾದ ಸಂಶಯವಿದ್ದು ವಿಚಾರಣೆ ಮುಗಿಯದಿದ್ದರೆ, ‘ಈ ಲೇಖನದ ಬಗ್ಗೆ ನಮಗೆ ಕಳವಳವಿದೆ’ ಎಂದು ಸೂಚನೆ ಪ್ರಕಟಿಸಬಹುದು. ನಮ್ಮಲ್ಲಿ ‘ಫಲಿತಾಂಶ ತಡೆಹಿಡಿಯಲಾಗಿದೆ’ ಎನ್ನುತ್ತಾರಲ್ಲ, ಹಾಗೆ. ಅಲ್ಲಿ ಪಾಸೂ ಇಲ್ಲ, ಫೇಲೂ ಇಲ್ಲ. ನಂಬಲು ಅವಸರ ಬೇಡ ಎಂಬ ಎಚ್ಚರಿಕೆ. ನನಗೆ ಬಹಳ ಹಿಡಿಸಿದ್ದು ಇನ್ನೊಂದು ಮಾತು: ರದ್ದು ಮಾಡುವ ಉದ್ದೇಶ ಲೇಖಕನನ್ನು ಶಿಕ್ಷಿಸುವುದಲ್ಲ, ಪ್ರಕಟವಾದದ್ದನ್ನು ತಿದ್ದಿ ಓದುಗರನ್ನು ಎಚ್ಚರಿಸುವುದು. ಮೋಸವಾಗಿರಲಿ, ಪ್ರಾಮಾಣಿಕ ತಪ್ಪೇ ಆಗಿರಲಿ, ಫಲಿತಾಂಶ ನಂಬುವಂಥದ್ದಲ್ಲವೆಂದು ಗೊತ್ತಾದರೆ ಕಾರಣ ಸಹಿತ ಹೇಳಬೇಕು.

2020ರಲ್ಲಿ ಇದೇ ಲ್ಯಾನ್ಸೆಟ್ಟಿಗೆ ಮತ್ತೊಂದು ಪರೀಕ್ಷೆ ಬಂತು. ಕೋವಿಡ್ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟರೆ ಸಾವು ಹೆಚ್ಚಬಹುದೆಂಬ ಲೇಖನ ಮೇ 22ರಂದು ಪ್ರಕಟವಾಯಿತು. 96,032 ರೋಗಿಗಳ ಅಂಕಿಅಂಶವೆಂದು ಹೇಳಲಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ಆ ಔಷಧದ ಪ್ರಯೋಗವನ್ನೇ ಕೆಲವು ದಿನ ನಿಲ್ಲಿಸಿತು. ಮೂಲ ದಾಖಲೆ ತೋರಿಸಿ ಎಂದಾಗ, ಅದನ್ನಿಟ್ಟುಕೊಂಡಿದ್ದ ಕಂಪನಿ ಸ್ವತಂತ್ರ ಪರಿಶೀಲಕರಿಗೆ ಕೊಡಲಿಲ್ಲ. ಮೊದಲು ಕಳವಳದ ಸೂಚನೆ ಬಂತು. ಜೂನ್ 4ರಂದು ಲೇಖನ ರದ್ದಾಯಿತು. ಒಟ್ಟು 13 ದಿನ. ಅಚ್ಚಿಗೆ ಮೊದಲೇ ಕೇಳಬೇಕಾದ ಪ್ರಶ್ನೆಯನ್ನು ಆಮೇಲೆ ಕೇಳಿದ್ದು ನಿಜ. ಆದರೂ 12 ವರ್ಷಕ್ಕೂ 13 ದಿನಕ್ಕೂ ನಡುವೆ ಎಷ್ಟು ಮಕ್ಕಳ ಬಾಲ್ಯವಿದೆ, ಯೋಚಿಸಿ.

ಐದಾರು ಮನೆಗೆ ಉಪ್ಪಿನಕಾಯಿ ಹಂಚಿ ಬಂದ ಮೇಲೆ ನಮ್ಮ ಭರಣಿಯಲ್ಲಿ ಬೂಷ್ಟು ಕಂಡಿತು ಎನ್ನಿ. ನಮ್ಮದನ್ನು ಚೆಲ್ಲಿ ಸುಮ್ಮನಿದ್ದರೆ ಸಾಕೆ? ನಾಚಿಕೆಯಾದರೂ ಆ ಐದಾರು ಮನೆಗಳಿಗೆ ಹೋಗಿ ಹೇಳಿಬರಬೇಕು. ಕೈತಪ್ಪು ಯಾರದಾದರೂ ಆಗಬಹುದು. ಮಾನ ಹೋಗುತ್ತದೆಂದು ಬಾಯಿ ಮುಚ್ಚಿಕೊಂಡರೆ ಮಾತ್ರ ಅದು ಅಧರ್ಮವಾಗುತ್ತದೆ. ತಪ್ಪು ಎಲ್ಲೆಲ್ಲಿಗೆ ಹೋಗಿದೆಯೋ ಅಲ್ಲಿಗೆಲ್ಲ ಒಪ್ಪೂ ಹೋಗಬೇಕು, ಅದೂ ಬೇಗ. ಸಂಪಾದಕರಿಗೆ ನೂರು ನಿಯಮಗಳಿರಬಹುದು. ಓದುವ ನಾವು ಅವರಿಂದ ಕೇಳಬೇಕಾದದ್ದು ಇದೊಂದನ್ನು.