ಹೆಸರಿಟ್ಟವರ ಹೊಣೆ

ಕರಾರುಪತ್ರವನ್ನು ಪೂರ್ತಿ ಓದುವ ಸಹನೆ ನಮ್ಮಲ್ಲಿ ಹೆಚ್ಚಿನವರಿಗಿಲ್ಲ. ಎಲ್ಲಿ ಸಹಿ ಹಾಕಬೇಕೆಂದು ಪೆನ್ಸಿಲಿನಲ್ಲಿ ಗುರುತು ಮಾಡಿಕೊಟ್ಟರೆ ಅಲ್ಲಿ ಹಾಕಿ ಎದ್ದು ಬರುತ್ತೇವೆ. ನಾನು ಮಾತ್ರ, ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟ ಚಾಳಿಯಿಂದಲೋ ಏನೋ, ಮೊದಲು ಹುಡುಕುವುದು ‘ವ್ಯಾಖ್ಯೆಗಳು’ ಎಂಬ ಭಾಗವನ್ನು. ಯಾರನ್ನು ಏನೆಂದು ಕರೆದಿದ್ದಾರೆ, ನಡೆಸುವ ವ್ಯವಹಾರ ಎಂಥದೆಂದು ಬರೆದಿದ್ದಾರೆ ಎಂಬ ಎರಡು ಸಂಗತಿ ತಿಳಿದರೆ ಲಾಭ ಯಾರ ಕೈಗೆ, ಹೊಣೆ ಯಾರ ತಲೆಗೆ ಎಂಬುದು ಮುಕ್ಕಾಲು ಪಾಲು ತಿಳಿದಂತೆ.

ವ್ಯಾಖ್ಯೆಯೇ ಬೇಡವೆಂದಲ್ಲ. ಇಬ್ಬರು ಗೆಳತಿಯರು ಸೇರಿ ಹಪ್ಪಳ ಸಂಡಿಗೆ ಮಾಡಿ ಮಾರಲು ಹೊರಟರೆನ್ನಿ. ಎಲ್ಲರೂ ಸೇರಿ, ಅಥವಾ ಎಲ್ಲರ ಪರವಾಗಿ ಒಬ್ಬರು ನಡೆಸುವ ವ್ಯವಹಾರದ ಲಾಭವನ್ನು ಹಂಚಿಕೊಳ್ಳಲು ಒಪ್ಪಿದವರ ಸಂಬಂಧವೇ ಪಾಲುದಾರಿಕೆ ಎನ್ನುತ್ತದೆ 1932ರ ಭಾರತೀಯ ಪಾಲುದಾರಿಕೆ ಕಾಯ್ದೆ. ಬೇರೆ ಮಾತುಕತೆ ಆಗಿರದಿದ್ದರೆ ಲಾಭವೂ ಸಮಪಾಲು, ನಷ್ಟವೂ ಸಮಪಾಲು. ಒಬ್ಬಳು ವ್ಯಾಪಾರಕ್ಕೆಂದು ಉದ್ದಿನಬೇಳೆಯನ್ನು ಸಾಲ ತಂದರೆ ಇನ್ನೊಬ್ಬಳೂ ಅದಕ್ಕೆ ಬಾಧ್ಯಳು. ಆದರೆ ಯಾರನ್ನೂ ಕೇಳದೆ ಸಂಸ್ಥೆಯ ಹೆಸರಿನಲ್ಲಿ ಸೈಟು ಕೊಳ್ಳಲು ಹೊರಟರೆ? ಅದು ಹಪ್ಪಳದ ವ್ಯಾಪಾರವಲ್ಲ. ‘ನಮ್ಮ ವ್ಯವಹಾರ ಇಂಥದು’ ಎಂದು ಮೊದಲೇ ಬರೆದಿಡುವುದು ಇದಕ್ಕಾಗಿಯೇ. ಇಲ್ಲಿ ವ್ಯಾಖ್ಯೆ ಹೊಲದ ಬದುವಿದ್ದ ಹಾಗೆ. ಇಬ್ಬರನ್ನೂ ಕಾಯುತ್ತದೆ.

ಆದರೆ ಬದುವನ್ನು ಒಬ್ಬರೇ ನಿಂತು ಹಾಕಿಸಿದರೆ? ಬೈಕಿನಲ್ಲಿ ಊಟದ ಪೊಟ್ಟಣ ತಂದುಕೊಡುವ ಹುಡುಗರನ್ನು ಈಗ ಕಂಪನಿಗಳು ‘ಡೆಲಿವರಿ ಪಾರ್ಟ್‌ನರ್’ ಎನ್ನುತ್ತವೆ. ಹಾಗೆ ದುಡಿಯುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕೇಳಿದೆ: “ಪಾರ್ಟ್‌ನರ್ ಅಂದಮೇಲೆ ಲಾಭದಲ್ಲಿ ಪಾಲು ಬರುತ್ತೇನಪ್ಪಾ?” ಅವನು ನಕ್ಕುಬಿಟ್ಟ. “ಗಾಡಿ ನಂದು, ಪೆಟ್ರೋಲು ನಂದು, ಮಳೆ ಬಂದ್ರೆ ನೆನೆಯೋದೂ ನಾನೇ ಟೀಚರ್. ನನ್ನ ಪಾಲು ಅಷ್ಟೇ.” ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ತತ್ವಾರ ಎಂಬ ಗಾದೆ ನೆನಪಾಯಿತು.

ಇದರ ಹಿಂದೆ ಇನ್ನೊಂದು ಜಾಣತನವಿದೆ. ದುಡಿಯುವವನಿಗೆ ಹೆಸರಿಡುವ ಮೊದಲೇ ತಮ್ಮ ವ್ಯವಹಾರಕ್ಕೂ ಹೆಸರಿಟ್ಟುಕೊಂಡಿರುತ್ತಾರೆ. ತಾನು ಪ್ರಯಾಣಿಕರನ್ನು ಸಾಗಿಸುವ ಸಂಸ್ಥೆಯಲ್ಲ, ಚಾಲಕನನ್ನೂ ಪ್ರಯಾಣಿಕನನ್ನೂ ಕೂಡಿಸುವ ಮಧ್ಯವರ್ತಿ ಮಾತ್ರ ಎಂಬುದು ಊಬರ್ ಕಂಪನಿಯ ವಾದವಾಗಿತ್ತು. ಸಾರಿಗೆಯೇ ತನ್ನ ವ್ಯವಹಾರವಲ್ಲವೆಂದ ಮೇಲೆ ಚಾಲಕರ ಹೊಣೆ ಎಲ್ಲಿಂದ ಬರಬೇಕು? 2017ರ ಡಿಸೆಂಬರಿನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ಇದು ಸಾರಿಗೆ ಸೇವೆಯೇ ಎಂದಿತು. 2021ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಯಿತು. ಬಾಡಿಗೆ ಗೊತ್ತುಮಾಡುವುದು ಕಂಪನಿ, ಷರತ್ತು ಹಾಕುವುದು ಕಂಪನಿ, ಸವಾರಿ ಬೇಡವೆಂದವನನ್ನು ದಂಡಿಸುವುದೂ ಕಂಪನಿ. ಹೀಗಿರುವಾಗ ಕರಾರಿನ ಮಾತುಗಳಿಂದಲೇ ವಿಚಾರಣೆ ಆರಂಭಿಸುವುದು ಸರಿಯಲ್ಲವೆಂದು ಹೇಳಿ, ಚಾಲಕರಿಗೆ ದುಡಿಮೆಗಾರರ ಹಕ್ಕುಗಳುಂಟೆಂದು ತೀರ್ಪಿತ್ತಿತು.

ಈ ವಿವೇಕ ನಮಗೂ ಹೊಸದಲ್ಲ. ಪಾಲುದಾರಿಕೆ ಇದೆಯೋ ಇಲ್ಲವೋ ಎಂಬುದನ್ನು ಎಲ್ಲ ಸಂಗತಿಗಳನ್ನೂ ಒಟ್ಟಾಗಿ ನೋಡಿ, ನಿಜವಾದ ಸಂಬಂಧದಿಂದ ತೀರ್ಮಾನಿಸಬೇಕೆಂದು ಆ 1932ರ ಕಾಯ್ದೆಯ ಆರನೆಯ ಕಲಮೇ ಹೇಳುತ್ತದೆ. ನಮ್ಮ ಕರಾವಳಿಯಲ್ಲಿ ಮನೆಯ ಜಗಲಿಯಲ್ಲಿ ಕೂತು ಬೀಡಿ ಕಟ್ಟಿದ ಹೆಂಗಸರನ್ನು ನೆನೆಯಿರಿ. ಕಾರ್ಖಾನೆಯ ಮೆಟ್ಟಿಲನ್ನೇ ಹತ್ತದವಳು ನೌಕರಳು ಹೇಗಾದಾಳು? 1966ರ ಬೀಡಿ ಕಾರ್ಮಿಕರ ಕಾಯ್ದೆ ಅವಳನ್ನೂ ನೌಕರರ ವ್ಯಾಖ್ಯೆಯೊಳಗೆ ಸೇರಿಸಿತು. ಮಂಗಳೂರು ಗಣೇಶ ಬೀಡಿ ವರ್ಕ್ಸ್ ಮೊಕದ್ದಮೆಯಲ್ಲಿ, 1974ರಲ್ಲಿ, ಸುಪ್ರೀಂ ಕೋರ್ಟು ಆ ಕಾಯ್ದೆಯನ್ನು ಎತ್ತಿಹಿಡಿಯಿತು. ಆಪ್‌ಗಳ ಮೂಲಕ ದುಡಿಯುವವರಿಗಾಗಿ ಕರ್ನಾಟಕ 2025ರಲ್ಲಿ ಕಾಯ್ದೆ ಮಾಡಿದೆ. ಕರಾರು ಸರಳ ಭಾಷೆಯಲ್ಲಿರಬೇಕೆಂಬುದೂ ಅದರಲ್ಲೊಂದು ಮಾತು.

“ಅವನೇ ಒಪ್ಪಿಕೊಂಡನಲ್ಲ, ಯಾರಾದರೂ ಕೈಹಿಡಿದು ಸಹಿ ಹಾಕಿಸಿದರೆ?” ಎಂದು ಕೇಳುವವರಿದ್ದಾರೆ. ಕೊಟ್ಟ ಮಾತಿಗೆ ಬೆಲೆ ಇರಬೇಕೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಒಪ್ಪಿಗೆ ಎಂಬುದಕ್ಕೆ ಒಂದಕ್ಷರವನ್ನಾದರೂ ತಿದ್ದುವ ಅವಕಾಶ ಬೇಡವೆ? ಒಪ್ಪಿದರೆ ಕೆಲಸ, ಒಪ್ಪದಿದ್ದರೆ ಇಲ್ಲ ಎನ್ನುವಲ್ಲಿ ಸಹಿ ಹಾಕಿದವನು ಒಪ್ಪಿದ್ದು ಕೆಲಸಕ್ಕೇ ಹೊರತು ಹೆಸರಿಗಲ್ಲ. ಪಾಲುದಾರ ಎಂದು ಕರೆದವರು ಪಾಲು ಕೊಡಬೇಕು. ಪಾಲು ಕೊಡಲಾಗದಿದ್ದರೆ ಆ ಹೆಸರನ್ನು ಹಿಂತೆಗೆದುಕೊಂಡು, ಧಣಿಯಾದವರು ಹೊರಬೇಕಾದ ಹೊಣೆಯನ್ನು ಹೊರಬೇಕು. ಎರಡನ್ನೂ ಬಿಟ್ಟು ನಡುವೆ ನಿಲ್ಲುವುದು ಕಾನೂನಿಗೆ ಸಿಕ್ಕದಿರಬಹುದು, ಸುಳ್ಳಂತೂ ಹೌದು.

ಇಷ್ಟು ಹೇಳಿ ಕಂಪನಿಗಳ ಕಡೆಗಷ್ಟೇ ಬೆರಳು ತೋರಿಸಿ ಸುಮ್ಮನಾಗುವಂತಿಲ್ಲ. ನಮ್ಮ ಶಾಲೆಗಳಲ್ಲಿ ವರ್ಷವಿಡೀ ಪಾಠ ಮಾಡುವವಳು ‘ಅತಿಥಿ’ ಶಿಕ್ಷಕಿ. ಅವಳಿಗೆ ಸಿಗುವುದು ಸಂಬಳವಲ್ಲ, ‘ಗೌರವಧನ’. ಮನೆಗೆಲಸಕ್ಕೆ ಬರುವವಳನ್ನು “ನಮ್ಮ ಮನೆಯವಳ ಹಾಗೇ” ಎನ್ನುತ್ತೇವೆ. ಅಲ್ಲಿ ಕಾಗದವಿಲ್ಲ, ವಕೀಲರಿಲ್ಲ. ವ್ಯಾಖ್ಯೆ ಬರೆಯುವವರು ನಾವೇ. ಮನೆಯವಳೆಂದ ಮೇಲೆ ಅವಳಿಗೆ ಜ್ವರ ಬಂದ ದಿನ ಯಾರು ಗಂಜಿ ಕಾಯಿಸಿ ಕೊಡುತ್ತಾರೆ? ಕೆಲಸದವಳೆಂದ ಮೇಲೆ ವಾರಕ್ಕೊಂದು ರಜೆ ಎಲ್ಲಿದೆ? ಈ ಎರಡು ಪ್ರಶ್ನೆಗಳಲ್ಲಿ ಒಂದಕ್ಕಾದರೂ ನಮ್ಮ ಬಳಿ ಉತ್ತರವಿರಬೇಕು.