ಕಾಯದ ವಾದ್ಯಗಳು

ಆರತಕ್ಷತೆಗೋ ಧರ್ಮಕೇಂದ್ರದ ಹಬ್ಬದ ಸಂಜೆಗೋ ಹೋದಾಗ ನೀವೂ ಇದನ್ನು ಕಂಡಿರಬಹುದು. ವೇದಿಕೆಯ ಮೇಲೆ ಒಬ್ಬನೇ ಗಾಯಕ, ಮೇಜಿನ ಮೇಲೊಂದು ಲ್ಯಾಪ್‌ಟಾಪ್, ಇಕ್ಕೆಲಗಳಲ್ಲಿ ಸ್ಪೀಕರ್. ವಾದಕರು ಯಾರೂ ಇಲ್ಲ. ಆದರೂ ಕೊಳಲು, ಪಿಟೀಲು, ತಬಲ ಎಲ್ಲವೂ ಕೇಳಿಸುತ್ತವೆ. ಮೊದಲೇ ಮುದ್ರಿಸಿಟ್ಟ ಈ ಹಿನ್ನೆಲೆ ವಾದ್ಯಕ್ಕೆ ‘ಟ್ರ್ಯಾಕ್’ ಎಂಬ ಹೆಸರು ರೂಢಿಯಾಗಿದೆ. ಅಬ್ಬಿಗೆರೆಯ ಒಂದು ಆರತಕ್ಷತೆಯಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯರು, “ಫಾದರ್, ಇದು ಮೋಸವಲ್ಲವೇ?” ಎಂದು ಕೇಳಿದರು. ಅವರು ಒಂದು ಕಾಲದಲ್ಲಿ ಆರ್ಕೆಸ್ಟ್ರಾಗಳಲ್ಲಿ ತಬಲ ನುಡಿಸುತ್ತಿದ್ದವರು.

ಸಂತ ಅಗಸ್ಟೀನರು ಸುಳ್ಳನ್ನು ಅಳೆಯುವಾಗ, ಹೇಳಿದ್ದು ನಿಜವೋ ಅಲ್ಲವೋ ಎಂಬುದಕ್ಕಿಂತ ವಂಚಿಸುವ ಇಚ್ಛೆ ಇತ್ತೇ ಎಂಬುದನ್ನು ನೋಡುತ್ತಾರೆ. ಈ ಅಳತೆಗೋಲಿಗೆ ಎರಡು ಪ್ರಸಂಗಗಳನ್ನು ಒಡ್ಡೋಣ. 2008ರ ಆಗಸ್ಟ್ 8ರಂದು ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಒಂಬತ್ತು ವರ್ಷದ ಲಿನ್ ಮಿಯಾವೊಕೆ ತುಟಿಯಾಡಿಸಿದಳು. ಜಗತ್ತು ಕೇಳಿದ್ದು ಏಳು ವರ್ಷದ ಯಾಂಗ್ ಪೇಯಿಯ ದನಿಯನ್ನು. ಹಾಡಿದ ಮಗುವಿನ ಚೆಲುವು ಸಾಲದೆಂದು ಅವಳನ್ನು ಮರೆಯಲ್ಲಿಟ್ಟಿದ್ದರು. ಮರುವರ್ಷ ಜನವರಿ 20ರಂದು, ಒಬಾಮಾ ಅವರ ಪ್ರಮಾಣವಚನದ ವೇಳೆ, ಯೋ-ಯೋ ಮಾ, ಇಟ್ಜಾಕ್ ಪರ್ಲ್‌ಮನ್ ಮತ್ತು ಇನ್ನಿಬ್ಬರು ಕೊರೆಯುವ ಚಳಿಗೆ ವಾದ್ಯಗಳ ಶ್ರುತಿ ನಿಲ್ಲದೆಂದು, ತಾವೇ ಎರಡು ದಿನ ಮೊದಲು ಮುದ್ರಿಸಿದ್ದ ವಾದನವನ್ನು ಜನರಿಗೆ ಕೇಳಿಸಿದರು. ಎರಡರಲ್ಲೂ ನೆರೆದವರಿಗೆ ವಿಷಯ ಹೇಳಿರಲಿಲ್ಲ. ಎರಡನೆಯದನ್ನೂ ನಾನು ಪೂರ್ಣವಾಗಿ ಮೆಚ್ಚಲಾರೆ. ಆದರೆ ಮೊದಲನೆಯದರಲ್ಲಿ ಒಂದು ಮಗುವಿಗೆ ಸಲ್ಲಬೇಕಾದುದನ್ನು ಕಸಿಯಲಾಯಿತು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ನ್ಯಾಯವಲ್ಲ.

ನಮ್ಮ ಅಬ್ಬಿಗೆರೆಯ ಗಾಯಕ ಇವೆರಡನ್ನೂ ಮಾಡಲಿಲ್ಲ. ಕಂಠ ಅವನದೇ, ಲ್ಯಾಪ್‌ಟಾಪನ್ನು ಹೂಕುಂಡದ ಹಿಂದೆ ಬಚ್ಚಿಡಲೂ ಇಲ್ಲ. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ರಾಡೆಲ್ ಸಂಸ್ಥೆ ಎಲೆಕ್ಟ್ರಾನಿಕ್ ತಂಬೂರಿಯನ್ನು ತಂದಿತು; ಅದನ್ನಿಟ್ಟುಕೊಂಡು ಹಾಡುವ ವಿದ್ವಾಂಸರನ್ನು ನಾವು ವಂಚಕರೆನ್ನುವುದಿಲ್ಲ. ‘ಕರೋಕೆ’ ಎಂಬ ಜಪಾನಿ ಪದಕ್ಕೂ ‘ಬರಿದಾದ ವಾದ್ಯವೃಂದ’ ಎಂದೇ ಅರ್ಥ. ಹೆಸರೇ ತಪ್ಪೊಪ್ಪಿಕೊಂಡಿದೆ!

ಊಟದ ನಂತರ ಆ ಯುವಕನನ್ನು ಮಾತನಾಡಿಸಿದೆ. ಹಗಲೆಲ್ಲ ಕೈಗಾರಿಕಾ ಪ್ರದೇಶದ ಲೇತ್ ಯಂತ್ರದ ಮುಂದೆ ನಿಲ್ಲುವವನು. “ಐದು ಜನರನ್ನು ಕರೆತಂದು, ಟೆಂಪೋ ಬಾಡಿಗೆ ಕೊಟ್ಟರೆ ನನಗೆ ಬಸ್ ಚಾರ್ಜೂ ಉಳಿಯುವುದಿಲ್ಲ, ಫಾದರ್,” ಎಂದ. ಅವನು ಹೇಳಿದ್ದು ಸತ್ಯ. ಹೂವಿನ ಅಲಂಕಾರಕ್ಕೆ ಚೌಕಾಸಿ ಮಾಡದ ನಾವು ವಾದಕರ ಸಂಭಾವನೆಗೆ ಮಾತ್ರ ಚೌಕಾಸಿ ಮಾಡುತ್ತೇವೆ. ಹಿರಿಯರ ತಬಲ ಅಟ್ಟ ಸೇರಿದ್ದರಲ್ಲಿ ನನ್ನ, ನಿಮ್ಮ ಪಾಲೂ ಇದೆ.

ಆದರೆ ಆ ಸಂಜೆಯ ಒಂದು ಗಳಿಗೆ ನನ್ನ ಮನಸ್ಸಿನಿಂದ ಹೋಗಿಲ್ಲ. ಎರಡನೆಯ ಚರಣ ಎತ್ತುವಾಗ ಅವನಿಗೆ ಕೆಮ್ಮು ಬಂತು. ಟ್ರ್ಯಾಕ್ ನಿಲ್ಲಲಿಲ್ಲ. ಅರ್ಧ ಸಾಲು ಬಿಟ್ಟು, ಓಡುವ ಬಸ್ಸು ಹತ್ತುವವನಂತೆ ಅದನ್ನು ಹಿಂಬಾಲಿಸಿದ. ಪಕ್ಕದ ಹಿರಿಯರ ಬೆರಳುಗಳು ತೊಡೆಯ ಮೇಲೆ ತಾಳ ಹಾಕುತ್ತಲೇ ಇದ್ದವು. “ನಾನಿದ್ದಿದ್ದರೆ ಇನ್ನೊಂದು ಸುತ್ತು ನುಡಿಸಿ ಕಾಯುತ್ತಿದ್ದೆ,” ಎಂದರು. ಮೋಸದ ಪ್ರಶ್ನೆಗಿಂತ ಈ ಮಾತು ನನಗೆ ದೊಡ್ಡದೆನಿಸಿತು.

ದೇವಾಲಯದ ವಿಷಯ ಬೇರೆ. ಪವಿತ್ರ ಸಂಗೀತವನ್ನು ಕುರಿತು 1958ರ ಸೆಪ್ಟೆಂಬರ್ 3ರಂದು ಹೊರಟ ವ್ಯಾಟಿಕನ್ನಿನ ಸೂಚನಾಪತ್ರವು ಆರಾಧನಾ ವಿಧಿಗಳಲ್ಲಿ ಗ್ರಾಮಫೋನು, ರೇಡಿಯೊ, ಟೇಪುಗಳನ್ನು ನಿಷೇಧಿಸಿತು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಭಕ್ತಜನರ ಸಕ್ರಿಯ ಪಾಲ್ಗೊಳ್ಳುವಿಕೆಗೆ ಒತ್ತು ಕೊಟ್ಟಿತು. ಪ್ರಾರ್ಥನೆ ಅಲ್ಲಿ ನೆರೆದವರದೇ ಆಗಿರಬೇಕು. ಕೀಬೋರ್ಡ್ ನುಡಿಸುವವರು ಬಾರದ ಭಾನುವಾರ ಗಾನವೃಂದದ ಮಕ್ಕಳು ಮೊಬೈಲಿನಲ್ಲಿ ಟ್ರ್ಯಾಕ್ ಹಾಕಲು ಅನುಮತಿ ಕೇಳುತ್ತಾರೆ. ವಾದ್ಯವಿಲ್ಲದೆಯೇ ಹಾಡಿ ಎನ್ನುತ್ತೇನೆ. ಶ್ರುತಿ ತಪ್ಪುತ್ತದೆ, ಹಿಂದಿನ ಸಾಲಿನ ಅಜ್ಜಿಯರು ಎಳೆದೆಳೆದು ಹಾಡುತ್ತಾರೆ, ಮಕ್ಕಳು ಅವರಿಗಾಗಿ ಕಾಯಬೇಕಾಗುತ್ತದೆ. ಕಾಯಲಿ.

ಹೊರಡುವ ಮುನ್ನ ಹಿರಿಯರನ್ನು ಆ ಗಾಯಕನಿಗೆ ಪರಿಚಯಿಸಿದೆ. “ಮುಂದಿನ ಕಾರ್ಯಕ್ರಮದಲ್ಲಿ ಎರಡು ಹಾಡಿಗೆ ಟ್ರ್ಯಾಕ್ ಹಾಕುವುದಿಲ್ಲ. ನೀವು ನುಡಿಸುತ್ತೀರಾ, ಅಂಕಲ್?” ಎಂದು ಅವನು ಕೇಳಿದ. ಹಿರಿಯರು ತಕ್ಷಣ ಒಪ್ಪಲಿಲ್ಲ. ಎಷ್ಟು ಕೊಡುತ್ತೀಯ ಎಂದು ಮೊದಲು ಕೇಳಿದರು.