ಜೀರ್ಣಯಂತ್ರದ ಉದ್ಧಾರ

ಹಳೆಯದನ್ನು ಸರಿಪಡಿಸುವ ಕಾರ್ಯಕ್ಕೆ ಕನ್ನಡಿಗರಲ್ಲಿ ಎರಡು ಹೆಸರುಗಳು ರೂಢವಾಗಿವೆ. ನಿತ್ಯದ ಬಳಕೆಯ ವಸ್ತು ಕೆಟ್ಟರೆ ಅದಕ್ಕೆ ದುರಸ್ತಿಯೆನ್ನುತ್ತಾರೆ. ಗುಡಿಗೋಪುರಗಳು ಶಿಥಿಲವಾದರೆ ಜೀರ್ಣೋದ್ಧಾರವೆನ್ನುತ್ತಾರೆ. ಮೊದಲನೆಯದರಲ್ಲಿ ಉಪಯೋಗವು ಪ್ರಧಾನವಾದುದು. ಎರಡನೆಯದರಲ್ಲಿ ಗೌರವವು ಪ್ರಧಾನವಾದುದು. ಇವೆರಡೂ ಒಂದೇ ವಸ್ತುವಿನಲ್ಲಿ ಕೂಡಿಬಂದಾಗ ಮಾತ್ರ ಕಠಿಣವಾದ ಪ್ರಶ್ನೆಯೊಂದು ಏಳುತ್ತದೆ. ಸವೆದುದನ್ನು ತೆಗೆದು ಹೊಸದನ್ನು ಹಾಕುತ್ತ ಹೋದರೆ ಆ ವಸ್ತುವು ಎಲ್ಲಿಯವರೆಗೆ ತಾನಾಗಿ ಉಳಿಯುತ್ತದೆ? ಸರಿಪಡಿಸುವವನ ಕೈ ಎಲ್ಲಿ ನಿಲ್ಲಬೇಕು?

ಬೈಲಹೊಂಗಲ, ರಾಮದುರ್ಗದ ಕಡೆಯ ಯಾವ ಒಕ್ಕಲಿಗನ ಮನೆಯಲ್ಲಿಯೂ ಈ ಪ್ರಶ್ನೆಯು ಚಕ್ಕಡಿಯ ರೂಪದಲ್ಲಿ ನಿಂತಿದ್ದಿತು. ಅಜ್ಜನ ಕಾಲದ ಚಕ್ಕಡಿಗೆ ಕಮ್ಮಾರನು ಹೊಸ ಹಳಿ ಕಟ್ಟಿದನು. ಬಡಿಗನು ಅರಗಳನ್ನು ಬದಲಿಸಿದನು. ಮಗನ ಕಾಲಕ್ಕೆ ಅಚ್ಚು ಹೋಯಿತು, ಮೊಮ್ಮಗನ ಕಾಲಕ್ಕೆ ನೊಗವೂ ಹೋಯಿತು. ಆದರೂ ಅದು ಅಜ್ಜನ ಚಕ್ಕಡಿಯೇ. ಮಿಲಿಂದ ರಾಜನಿಗೆ ನಾಗಸೇನ ಭಿಕ್ಷುವು ಕೇಳಿದ್ದು ಇದನ್ನೇ: ಅಚ್ಚು ರಥವೇ? ಗಾಲಿ ರಥವೇ? ನೊಗ ರಥವೇ? ಯಾವುದೂ ಅಲ್ಲ, ಅವುಗಳ ಕೂಟಕ್ಕೆ ರಥವೆಂದು ವ್ಯವಹಾರ. ಗ್ರೀಕರಲ್ಲಿಯೂ ಇಂಥದೇ ಚರ್ಚೆ ನಡೆದಿತ್ತು. ಥೀಸಿಯಸನ ಹಡಗಿನ ಕೊಳೆತ ಹಲಗೆಗಳನ್ನು ಅಥೆನ್ಸಿನವರು ಒಂದೊಂದಾಗಿ ಬದಲಿಸುತ್ತ ಬಂದರೆಂದೂ, ಅದು ಅದೇ ಹಡಗೋ ಅಲ್ಲವೋ ಎಂದು ತತ್ತ್ವಜ್ಞರು ವಾದಿಸಿದರೆಂದೂ ಪ್ಲುಟಾರ್ಕನು ಬರೆದಿದ್ದಾನೆ.

ಆದರೆ ಈ ವಾದದಿಂದ ವಸ್ತುವಿನ ಗುರುತು ತಿಳಿದೀತೇ ಹೊರತು ಸರಿಪಡಿಸುವವನ ಕರ್ತವ್ಯವು ತಿಳಿಯಲಾರದು. ಅದಕ್ಕೆ ಮೊದಲು ಆ ವಸ್ತುವು ಏತಕ್ಕಾಗಿ ಇದೆಯೆಂಬುದನ್ನು ಕೇಳಬೇಕು. ಕಿತ್ತೂರಿನ ಕೋಟೆಯೊಳಗೆ ಅರಮನೆಯ ಮುರಿದ ಗೋಡೆಗಳು ಉಳಿದಿವೆ. 1824ರ ಅಕ್ಟೋಬರಿನಲ್ಲಿ ಥ್ಯಾಕರೆಯು ಮಡಿದ ಯುದ್ಧವನ್ನೂ, ಡಿಸೆಂಬರಿನಲ್ಲಿ ಕೋಟೆಯು ಕೈಬಿಟ್ಟುದನ್ನೂ, ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡ ರಾಣಿ ಚೆನ್ನಮ್ಮನನ್ನೂ ನೆನೆಯುವವರಿಗೆ ಆ ಗೋಡೆಗಳು ಸಾಕ್ಷಿಗಳು. ಅವುಗಳನ್ನು ಸಿಮೆಂಟಿನಿಂದ ಎತ್ತರಿಸಿ ಬಣ್ಣ ಬಳಿದರೆ ಕಣ್ಣಿಗೆ ಅರಮನೆ ಕಂಡೀತು, ಆದರೆ ಸಾಕ್ಷಿಯ ಬಾಯಿ ಕಟ್ಟಿಹೋದೀತು. ಚಕ್ಕಡಿಯ ಸ್ಥಿತಿ ಇದಕ್ಕೆ ವಿರುದ್ಧವಾದುದು. ಮುರಿದ ಅಚ್ಚನ್ನು ಪೂಜ್ಯವೆಂದು ಹಾಗೆಯೇ ಇಟ್ಟರೆ ಹೊಲದ ಪೈರು ಮನೆಗೆ ಬಾರದು. ಸಾಕ್ಷಿಯ ಧರ್ಮವು ಇದ್ದಂತೆ ಇರುವುದು; ಸೇವಕನ ಧರ್ಮವು ನಡೆಯುವುದು.

ಹಳೆಯ ಮೋಟಾರುಗಾಡಿಯು ಏಕಕಾಲಕ್ಕೆ ಸಾಕ್ಷಿಯೂ ಹೌದು, ಸೇವಕನೂ ಹೌದು. ಅದರಿಂದಲೇ ಅದರ ಉದ್ಧಾರವು ನೀತಿಯ ಪ್ರಶ್ನೆಯಾಗುತ್ತದೆ. ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಅಂಥ ಅನೇಕ ಗಾಡಿಗಳನ್ನು ಕಾಣಬಹುದು. ಉದಾಹರಣೆಗೆ ಇಂಗ್ಲೆಂಡಿನಲ್ಲಿ 1945ರಿಂದ 1949ರವರೆಗೆ ತಯಾರಾದ ಎಂ. ಜಿ. ಟಿ.ಸಿ. ಎಂಬ ಕ್ರೀಡಾವಾಹನವನ್ನು ತೆಗೆದುಕೊಳ್ಳಬಹುದು. ಅದರದು ನಾಲ್ಕು ಸಿಲಿಂಡರುಗಳ 1250 ಸಿ.ಸಿ. ಇಂಜಿನು, ಅದಕ್ಕೆ ಎಸ್. ಯು. ಮಾದರಿಯ ಎರಡು ಕಾರ್ಬುರೇಟರುಗಳು. ಇಂಥ ಗಾಡಿಯನ್ನು ಗಾಜಿನ ಮನೆಯಲ್ಲಿಟ್ಟರೆ ಅದರ ಅರ್ಧ ಅರ್ಥವು ಹೋಗುತ್ತದೆ, ಏಕೆಂದರೆ ಓಟವೇ ಅದರ ಸ್ವಭಾವ. ಓಡಿಸುವುದಕ್ಕಾಗಿ ಒಳಗಿನದೆಲ್ಲವನ್ನೂ ಬದಲಿಸಿದರೆ ಉಳಿದರ್ಧವೂ ಹೋಗುತ್ತದೆ. ಭಾರತದ ಸರಕಾರವು 2021ರಲ್ಲಿ ಮಾಡಿದ ನಿಯಮವೂ ಇದನ್ನೇ ಗಮನಿಸಿದೆ. ಐವತ್ತು ವರುಷ ಮೀರಿದ್ದರೆ ಸಾಲದು. ಗಾಡಿಯು ಮೂಲರೂಪದಲ್ಲಿದ್ದು, ಅದರ ಚಾಸಿ, ಒಡಲು, ಇಂಜಿನುಗಳಲ್ಲಿ ಗಣನೀಯವಾದ ಮಾರ್ಪಾಡು ಆಗಿರಕೂಡದು.

ಇನ್ನು ಆ ಕಾರ್ಬುರೇಟರಿನ ಕೆಲಸವನ್ನು ಸ್ವಲ್ಪ ತಿಳಿಯಬೇಕು, ಏಕೆಂದರೆ ನೀತಿಯು ಅಲ್ಲಿಯೇ ಅಡಗಿದೆ. ಪೆಟ್ರೋಲು ಉರಿಯಬೇಕಾದರೆ ಒಂದು ತೂಕ ಪೆಟ್ರೋಲಿಗೆ ಸುಮಾರು ಹದಿನೈದು ತೂಕ ಗಾಳಿ ಬೇಕು. ಇವೆರಡನ್ನೂ ಅಳತೆಯಿಂದ ಬೆರೆಸುವುದೇ ಕಾರ್ಬುರೇಟರಿನ ಉದ್ಯೋಗ. ಎಸ್. ಯು. ಮಾದರಿಯನ್ನು ರೂಪಿಸಿದ ಸ್ಕಿನ್ನರ್ ಸಹೋದರರ ಮನೆತನದ್ದು ಪಾದರಕ್ಷೆಗಳ ವ್ಯಾಪಾರ. ಮೊದಮೊದಲು ಅದರೊಳಗೆ ಚರ್ಮದ ತಿದಿಯಿತ್ತು. ಮುಂದೆ ತಿದಿಯ ಸ್ಥಾನಕ್ಕೆ ಲೋಹದ ಪಿಸ್ಟನ್ನು ಬಂದಿತು. ಇಂಜಿನು ಗಾಳಿಯನ್ನು ಸೆಳೆದಂತೆ ಈ ಪಿಸ್ಟನ್ನು ಮೇಲೇಳುತ್ತದೆ. ಅದಕ್ಕೆ ತೂಗುಬಿದ್ದ ಸೂಜಿಯೊಂದು ಪೆಟ್ರೋಲಿನ ರಂಧ್ರದೊಳಗೆ ಇಳಿದಿರುತ್ತದೆ. ಸೂಜಿಯು ತುದಿಯ ಕಡೆಗೆ ತೆಳ್ಳಗಾಗುತ್ತ ಹೋಗುವುದರಿಂದ, ಪಿಸ್ಟನ್ನು ಎದ್ದಷ್ಟು ರಂಧ್ರವು ತೆರೆದು ಪೆಟ್ರೋಲು ಹೆಚ್ಚಾಗಿ ಬರುತ್ತದೆ. ಬೇಡಿದಷ್ಟೇ ಕೊಡುವ ಈ ವ್ಯವಸ್ಥೆಯು ಎಷ್ಟು ಸರಳವೋ ಅಷ್ಟು ಸೂಕ್ಷ್ಮವೂ ಹೌದು.

ಈಗ ಗಾಡಿಯು ನಿಂತಲ್ಲಿ ತಡವರಿಸಿ ನಡುಗುತ್ತದೆಯೆಂದು ಭಾವಿಸಲಿ. ಅವಸರದ ಮಿಸ್ತ್ರಿಯು ಪೆಟ್ರೋಲು ಸಾಲದೆಂದು ತಿಳಿದು ರಂಧ್ರವನ್ನು ಕೆಳಗಿಳಿಸುತ್ತಾನೆ. ಪೆಟ್ರೋಲು ಹೆಚ್ಚುತ್ತದೆ, ನಡುಕವು ನಿಲ್ಲುತ್ತದೆ, ಒಡೆಯನು ಸಂತುಷ್ಟನಾಗುತ್ತಾನೆ. ಆದರೆ ನಿಜವಾದ ದೋಷವು ಬಹುಶಃ ಬೇರೆಡೆಯಲ್ಲಿತ್ತು. ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಥ್ರಾಟಲಿನ ದಂಡವು ಹಲವು ದಶಕಗಳ ತಿರುಗಾಟದಿಂದ ಸವೆದು, ಅದರ ಸಂದಿನಿಂದ ಲೆಕ್ಕಕ್ಕೆ ಸಿಕ್ಕದ ಗಾಳಿಯು ಕಳ್ಳನಂತೆ ಒಳಹೋಗುತ್ತಿತ್ತು. ಆ ಸಂದು ಹಾಗೆಯೇ ಉಳಿಯಿತು. ವೇಗದಲ್ಲಿ ಓಡುವಾಗ ಈ ಕಳ್ಳಗಾಳಿಯ ಪಾಲು ಅತ್ಯಲ್ಪವಾದುದರಿಂದ, ಹೆಚ್ಚಿಸಿದ ಪೆಟ್ರೋಲು ಅಲ್ಲಿ ಮಿತಿಮೀರುತ್ತದೆ. ಪ್ಲಗ್ಗುಗಳು ಮಸಿಯಾಗುತ್ತವೆ, ಉರಿಯದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆಯುತ್ತದೆ, ಉಂಗುರಗಳು ಸವೆಯುತ್ತವೆ. ಒಂದು ಸುಳ್ಳನ್ನು ಮುಚ್ಚಲು ಇನ್ನೊಂದು ಸುಳ್ಳನ್ನು ಆಡಿದವನ ಗತಿಯೂ ಇದೇ. ಮೊದಲಿನ ದೋಷವು ಒಂದು ದಂಡದಲ್ಲಿತ್ತು. ಎರಡನೆಯದು ಇಂಜಿನಿನ ಹೊಟ್ಟೆಯನ್ನೇ ಸೇರಿತು.

ಆದುದರಿಂದ ಬಲ್ಲವನು ಮೊದಲು ಕಾರ್ಬುರೇಟರನ್ನು ಮುಟ್ಟುವುದಿಲ್ಲ. ಸಿಲಿಂಡರುಗಳು ಒತ್ತಡವನ್ನು ಹಿಡಿಯುತ್ತವೆಯೋ, ವಾಲ್ವುಗಳ ಅಂತರ ಸರಿಯಿದೆಯೋ, ಕಿಡಿಯು ಬಲವಾಗಿ ತಕ್ಕ ಕ್ಷಣದಲ್ಲಿ ಹಾರುತ್ತದೆಯೋ ಎಂದು ನೋಡುತ್ತಾನೆ. ಕಿಡಿಯ ದೋಷವನ್ನು ಕಾರ್ಬುರೇಟರಿನ ತಲೆಗೆ ಕಟ್ಟುವ ಅನ್ಯಾಯವು ಈ ಉದ್ಯೋಗದಲ್ಲಿ ಬಲು ಸಾಮಾನ್ಯವಾದುದು. ಬಳಿಕ ದಂಡದ ಸವೆತವನ್ನು ನೋಡಿ, ಕೊನೆಗೆ ಮಿಶ್ರಣವನ್ನು ತಿದ್ದುತ್ತಾನೆ. ಆಗಲೂ ತನ್ನ ಊಹೆಯನ್ನು ನಂಬದೆ ಯಂತ್ರವನ್ನೇ ಕೇಳುತ್ತಾನೆ. ಪಿಸ್ಟನ್ನನ್ನು ಒಂದು ಮಿಲಿಮೀಟರಿನಷ್ಟು ಎತ್ತಿದಾಗ ಇಂಜಿನಿನ ವೇಗವು ಏರಿ ಹಾಗೆಯೇ ನಿಂತರೆ ಪೆಟ್ರೋಲು ಹೆಚ್ಚು. ಇಂಜಿನು ಸೊರಗಿ ನಿಲ್ಲುವಂತಾದರೆ ಕಡಿಮೆ. ಕ್ಷಣಮಾತ್ರ ತುಸು ಏರಿ ಮತ್ತೆ ಮೊದಲಿನಂತಾದರೆ ಸಮ. ಎರಡು ಕಾರ್ಬುರೇಟರುಗಳಿದ್ದಲ್ಲಿ ರಬ್ಬರಿನ ನಳಿಗೆಯೊಂದನ್ನು ಕಿವಿಗೆ ಹಿಡಿದು, ಎರಡರ ಉಸಿರೂ ಒಂದೇ ಸ್ವರದಲ್ಲಿದೆಯೋ ಎಂದು ಆಲಿಸುತ್ತಾನೆ. ಒಂದು ದುಡಿಯುತ್ತ ಇನ್ನೊಂದು ಸೋಮಾರಿಯಾದರೆ ನಾಲ್ಕು ಸಿಲಿಂಡರುಗಳೂ ಒಂದಾಗಿ ನಡೆಯಲಾರವು.

ದೋಷವು ತಿಳಿದ ಮೇಲೆ ಎಷ್ಟನ್ನು ಬದಲಿಸಬೇಕು? ಇಲ್ಲಿ ಎರಡು ಪಕ್ಷಗಳಿವೆ. ಕಾರ್ಬುರೇಟರುಗಳನ್ನೂ ಇಂಜಿನನ್ನೂ ಕಿತ್ತು ಈಗಿನ ಕಾಲದವನ್ನು ಕೂಡಿಸಿದರೆ ತೊಂದರೆಯೇ ಇಲ್ಲವೆಂಬುದು ಒಂದು ಪಕ್ಷ. ಇದರಲ್ಲಿ ಸುಖವಿದೆ, ನಿಜ. ಆದರೆ ಅಜ್ಜನ ಹೆಸರಿನಲ್ಲಿ ಬೇರೊಬ್ಬನನ್ನು ಕೂಡಿಸಿದಂತಾಯಿತು. ಕಾರಖಾನೆಯಿಂದ ಬಂದ ಒಂದು ಬಿರಡೆಯನ್ನೂ ಬದಲಿಸಕೂಡದೆಂಬುದು ಇನ್ನೊಂದು ಪಕ್ಷ. ಇದು ಭಕ್ತಿಯಂತೆ ಕಂಡರೂ ವಿಚಾರಕ್ಕೆ ನಿಲ್ಲಲಾರದು, ಏಕೆಂದರೆ ಯಂತ್ರವು ಬದಲಾಗದಿದ್ದರೂ ಅದರ ಸುತ್ತಣ ಲೋಕವು ಬದಲಾಗಿದೆ. ಭಾರತದ ಪೆಟ್ರೋಲಿನಲ್ಲಿ ಬೆರೆಸುವ ಈಥನಾಲಿನ ಪ್ರಮಾಣವು 2025ರಲ್ಲಿ ನೂರಕ್ಕೆ ಇಪ್ಪತ್ತನ್ನು ಮುಟ್ಟಿತು. ಬೆಳಗಾವಿ ಜಿಲ್ಲೆಯ ಕಬ್ಬಿನಿಂದಲೂ ಆ ದ್ರವವು ತಯಾರಾಗುತ್ತದೆ. ರೈತನಿಗೆ ಅದು ಹಿತವಾದರೂ ಹಳೆಯ ಗಾಡಿಯ ರಬ್ಬರಿಗೆ ಅಹಿತವಾದುದು. ನೀರನ್ನು ಹೀರುವ ಗುಣವೂ ಅದಕ್ಕಿದೆ. ಹಳೆಯ ಕಾಲದ ರಬ್ಬರಿನ ನಳಿಗೆಯನ್ನೇ ಹಿಡಿದು ಕುಳಿತವನು ಸೋರಿದ ಪೆಟ್ರೋಲಿಗೆ ಗಾಡಿಯನ್ನೇ ಆಹುತಿ ಕೊಟ್ಟಾನು.

ನಡುವಿನ ದಾರಿಯನ್ನು ಆ ಸವೆದ ದಂಡವೇ ತೋರಿಸುತ್ತದೆ. ಕಾರ್ಬುರೇಟರನ್ನು ಎಸೆಯಬೇಕಾಗಿಲ್ಲ. ಅದರ ಮೂಲ ಒಡಲಿನಲ್ಲಿ ದಂಡದ ರಂಧ್ರವನ್ನು ತುಸು ಅಗಲಿಸಿ, ಕಂಚಿನ ಬುಷ್ಷನ್ನು ಕೂಡಿಸಿ, ಹೊಸ ದಂಡವನ್ನು ಹಾಕಿದರೆ ಸಾಕು. ಕಳ್ಳಗಾಳಿಯ ದಾರಿ ಮುಚ್ಚಿತು. ತಯಾರಿಸಿದವನ ವಿಚಾರವು ಉಳಿಯಿತು. ದೋಷವು ಎಷ್ಟನ್ನು ಬೇಡುತ್ತದೆಯೋ ಅಷ್ಟನ್ನೇ ಬದಲಿಸಬೇಕು, ಅದಕ್ಕಿಂತ ಹೆಚ್ಚಿಲ್ಲ ಎಂಬುದು ಈ ಧರ್ಮದ ಮೊದಲನೆಯ ಸೂತ್ರ.

ಎರಡನೆಯದು, ಬದಲಿಸಿದುದನ್ನು ಮರೆಮಾಚಕೂಡದೆಂಬುದು. ಪುರಾತನ ಕಟ್ಟಡಗಳ ರಕ್ಷಣೆಗಾಗಿ 1964ರಲ್ಲಿ ವೆನಿಸಿನಲ್ಲಿ ರಚಿತವಾದ ಸನ್ನದು, ಹೊಸದಾಗಿ ತುಂಬಿದ ಭಾಗವು ಒಟ್ಟಿನಲ್ಲಿ ಹೊಂದಿಕೊಳ್ಳಬೇಕು, ಆದರೆ ಹಳೆಯದರಿಂದ ಬೇರೆಯೆಂದು ಗುರುತಿಸಲು ಬರಬೇಕು ಎನ್ನುತ್ತದೆ. ಯಂತ್ರಕ್ಕೂ ಇದು ಸಲ್ಲುತ್ತದೆ. ಯಾವ ದಿನ ಏನನ್ನು ತೆಗೆದು ಏನನ್ನು ಹಾಕಲಾಯಿತು, ಏತಕ್ಕಾಗಿ ಎಂಬುದನ್ನು ವಹಿಯಲ್ಲಿ ಬರೆದಿಟ್ಟು, ತೆಗೆದ ತುಣುಕನ್ನು ಕಟ್ಟಿಡುವುದು ಸಣ್ಣ ಶ್ರಮ. ಅದಿಲ್ಲದೆ ಹೊಳೆಯುವ ಗಾಡಿಯನ್ನು ಪೂರ್ಣವಾಗಿ ಮೂಲದ್ದೆಂದು ಮಾರುವುದು ವ್ಯಾಪಾರವಲ್ಲ, ವಂಚನೆ.

ದುರಸ್ತಿಯ ಕೆಲಸವು ತಯಾರಿಕೆಗಿಂತ ಕೀಳೆಂಬ ಭಾವನೆಯು ಸುಶಿಕ್ಷಿತರಲ್ಲಿ ಇನ್ನೂ ಅಳಿದಿಲ್ಲ. ಆದರೆ ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಉದ್ಯಮವು ಬೆಳಗಾವಿಯ ಬೈಸಿಕಲ್ಲಿನ ಅಂಗಡಿಯಿಂದ ಬೆಳೆದು ಕಬ್ಬಿಣದ ನೇಗಿಲುಗಳನ್ನು ತಯಾರಿಸುವ ಕಾರಖಾನೆಯಾಯಿತೆಂಬುದನ್ನು ಈ ಭಾಗದವರಾದರೂ ಮರೆಯಕೂಡದು. ಪರರು ಮಾಡಿದ ಯಂತ್ರದ ಒಳಹೊಕ್ಕು ನೋಡಿದವನಿಗೆ ಅದನ್ನು ಮಾಡಿದವನ ಮನಸ್ಸು ತಿಳಿಯುತ್ತದೆ. ಅದು ಒಂದು ಬಗೆಯ ಗ್ರಂಥಪಠನವೇ ಸರಿ.

ಸರಿಪಡಿಸುವವನಿಗೆ ಮೂವರ ಋಣವಿದೆ. ಮಾಡಿದವನ ಋಣವು ಅವನ ವಿಚಾರವನ್ನು ಉಳಿಸುವುದರಿಂದ ತೀರುತ್ತದೆ. ಒಡೆಯನ ಋಣವು ಗಾಡಿಯನ್ನು ನಿರ್ಭಯವಾಗಿ ಓಡುವಂತೆ ಮಾಡುವುದರಿಂದ ತೀರುತ್ತದೆ. ಮೂರನೆಯವನು, ಇನ್ನು ಮೂವತ್ತು ವರುಷಗಳ ಮೇಲೆ ಅದೇ ಇಂಜಿನನ್ನು ಬಿಚ್ಚುವ ಅಪರಿಚಿತನು. ಅವನು ಕೂಲಿಯನ್ನು ಕೊಡಲಾರನು, ಹೊಗಳಲಾರನು, ದೂರಲೂ ಬಾರನು. ಆದರೂ ಅವನ ಕಣ್ಣಿಗೆ ಮೋಸವಾಗದಂತೆ ಬಿರಡೆಯನ್ನು ತಿರುವುವವನೇ ಈ ಕೆಲಸದ ಧರ್ಮವನ್ನು ಬಲ್ಲವನು.